ಗೋಧಿಗೆ ಉಳುಮೆ ಬಿಡಬಹುದೇ? ಮಾಡಿ ನೋಡಿದವರ ಮಾತು

ಪ್ರಶ್ನೆ: ಗೋಧಿ ಕಟಾವಾಗಿ ಕೂಳೆ ಹೊಲದಲ್ಲೇ ನಿಂತಿದೆ. ಉಳದೆ ಅದರ ನಡುವೆಯೇ ಮುಂದಿನ ಗೋಧಿ ಬಿತ್ತಬೇಕೆಂದಿದ್ದೇನೆ. ಕಳೆ ಹೆಚ್ಚುತ್ತದೆಯೇ, ಇಳುವರಿ ಇಳಿಯುತ್ತದೆಯೇ? ಅನುಭವವಿದ್ದವರು ತಿಳಿಸಿ.

ಉತ್ತರ: ಗೋಧಿಯ ಮೇಲೆ ಮತ್ತೆ ಗೋಧಿಯೇ ಆದರೆ ಸದ್ಯ ಬೇಡ. ಎಲೆಚುಕ್ಕೆ, ಬುಡಕೊಳೆ ರೋಗಗಳ ಶಿಲೀಂಧ್ರ ಹಳೆಯ ಕೂಳೆಯಲ್ಲಿ ಬದುಕಿದ್ದು ಎಳೆಯ ಪೈರಿಗೆ ದಾಟುತ್ತದೆ. ನಡುವೆ ಕಡಲೆಯನ್ನೋ ಬಟಾಣಿಯನ್ನೋ ತೆಗೆಯಿರಿ. ನನ್ನ ಹೊಲದಲ್ಲಿ ಶೂನ್ಯ ಉಳುಮೆ ಕೈಹಿಡಿದದ್ದು ಕಡಲೆ ಬಂದ ಮೇಲೆಯೇ. 63 ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲೂ ಇದೇ ಕಾಣುತ್ತದೆ: ಉಳುಮೆ ಬಿಟ್ಟಾಗ ಎಲ್ಲ ಬೆಳೆಗಳ ಸರಾಸರಿ ಇಳುವರಿ ಶೇ. 5.7ರಷ್ಟು ಇಳಿದಿದೆ. ಆದರೆ ಮಳೆಯಾಶ್ರಿತ ಒಣ ಪ್ರದೇಶಗಳಲ್ಲಿ, ಕೂಳೆ ಉಳಿಸಿ ಬೆಳೆಯನ್ನೂ ಬದಲಿಸಿದ ಕಡೆ, ಶೇ. 7.3ರಷ್ಟು ಏರಿದೆ.

ಇನ್ನೊಂದು, ಬಿತ್ತನೆಯ ಅರ್ಧ ಕೆಲಸ ಕಟಾವಿನ ದಿನವೇ ಮುಗಿಯಬೇಕು. ಕಟಾವು ಯಂತ್ರದ ಹಿಂದೆ ಹುಲ್ಲು ಗುಡ್ಡೆಯಾಗಿ ಬಿದ್ದರೆ ಕೂರಿಗೆ ಅದನ್ನು ಕತ್ತರಿಸದೆ ಸಾಲಿನೊಳಕ್ಕೆ ಮಡಚಿ ತುರುಕುತ್ತದೆ. ಬೀಜ ಮಣ್ಣಿಗೆ ತಾಗದೆ ಹುಲ್ಲಿನ ಮೇಲೆ ಕೂರುತ್ತದೆ, ಅಲ್ಲಿ ಪೈರು ಏಳುವುದೇ ಇಲ್ಲ. ಹುಲ್ಲು ಸಮನಾಗಿ ಹರಡುವಂತೆ ನೋಡಿಕೊಳ್ಳಿ. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ಪೈರು ಹಳದಿಯಾಗಬಹುದು. ಯೂರಿಯಾವನ್ನು ಹುಲ್ಲಿನ ಮೇಲೆ ಎರಚಿದರೆ ಒಂದಷ್ಟು ಗಾಳಿಗೆ ಹೋಗುತ್ತದೆ. ಬೀಜಕ್ಕೆ ತಾಗದಂತೆ ಪಕ್ಕದ ಮಣ್ಣಿಗೆ ಇಳಿಸಿ.

ಮತ್ತೊಬ್ಬರು: ಕಳೆಯ ಬಗ್ಗೆ ನಾನು ಹೇಳುತ್ತೇನೆ. ಎಳವೆಯಲ್ಲಿ ಗೋಧಿಯಂತೆಯೇ ಕಾಣುವ ಫಲಾರಿಸ್ ಮೈನರ್ ಹುಲ್ಲು ಉಳದ ಹೊಲದಲ್ಲಿ ಕಡಿಮೆ, ಏಕೆಂದರೆ ಮಣ್ಣು ಮಗುಚದಿದ್ದರೆ ಆಳದ ಬೀಜ ಮೇಲೆ ಬರುವುದಿಲ್ಲ. ಕರಿಕೆ, ಜೇಕಿನಂಥ ಬಹುವಾರ್ಷಿಕ ಕಳೆಗಳ ಕಥೆ ಬೇರೆ. ಅವುಗಳ ಬೇರು, ಗಡ್ಡೆಗಳನ್ನು ಅಲುಗಿಸುವವರಿಲ್ಲದೆ ವರ್ಷದಿಂದ ವರ್ಷಕ್ಕೆ ಹಬ್ಬುತ್ತವೆ. ಹೊಲ ತುಂಬ ಅವೇ ಇದ್ದರೆ ಮೊದಲು ಆಳವಾಗಿ ಉತ್ತು ಬಿಸಿಲಿಗೆ ಒಣಗಿಸಿ, ಆಮೇಲೆ ಉಳುಮೆ ಬಿಡಿ. ಪ್ರತಿ ವರ್ಷ ಒಂದೇ ಕಳೆನಾಶಕಕ್ಕೆ ಜೋತುಬೀಳಬೇಡಿ. ಅದಕ್ಕೆ ಬಗ್ಗದ ಕಳೆಯೇ ಕೊನೆಗೆ ಉಳಿದು ಬೀಜ ಉದುರಿಸುತ್ತದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೂರನೆಯವರು: ನಿಮ್ಮ ಮಣ್ಣು ಯಾವುದು? ನೀರು ನಿಲ್ಲುವ ಜಿಗುಟು ಮಣ್ಣಾದರೆ ಹುಲ್ಲಿನ ಹೊದಿಕೆಯಡಿ ಹದಕ್ಕೆ ಬರುವುದು ತಡವಾಗುತ್ತದೆ, ಬಿತ್ತನೆಯೂ ಹಿಂದೆ ಬೀಳುತ್ತದೆ. ಸದಾ ರೋಟವೇಟರ್ ಓಡಿಸಿದ ಹೊಲವಾದರೆ ಗುದ್ದಲಿಯಿಂದ ಅಗೆದು, ಅಡಿಯಲ್ಲಿ ಗಟ್ಟಿ ಪದರ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಒಡೆಯದೆ ಮುಂದುವರಿಯಬೇಡಿ. ಇಡೀ ಹೊಲವನ್ನು ಒಮ್ಮೆಲೇ ಬದಲಿಸದೆ, ಪಕ್ಕದಲ್ಲಿ ಉತ್ತ ಪಟ್ಟಿಯೊಂದನ್ನು ಇಟ್ಟುಕೊಂಡು ಎರಡರ ಕಾಳನ್ನೂ ಬೇರೆ ಬೇರೆ ತೂಗಿ.