ಹಳೆಯ ಎಸ್ಟೀಮ್ ಎಂಜಿನ್ 8000 ಆರ್‌ಪಿಎಂ ತಾಳೀತೇ?

ಪ್ರಶ್ನೆ – ಚಿಂಚವಾಡ, ಪುಣೆ

ಎಲ್ಲರಿಗೂ ನಮಸ್ಕಾರ. ಲೋಣಾವಳದ ಬಳಿಯ ಆಂಬಿ ವ್ಯಾಲಿಯ ರನ್‌ವೇ ಮೇಲೆ ಕಾಲು ಮೈಲಿ, ಅಂದರೆ 402 ಮೀಟರ್ ಓಡಿಸಬೇಕೆಂಬ ಆಸೆಯಿಂದ ಮಾರುತಿ ಎಸ್ಟೀಮ್‌ನ 1298 ಸಿಸಿ, 16 ವಾಲ್ವ್‌ಗಳ ಎಂಜಿನ್ ಒಂದನ್ನು ಕೊಂಡಿದ್ದೇನೆ. ಕಾರ್ಖಾನೆಯ ಲೆಕ್ಕದಲ್ಲಿ ಇದರದು 85 ಅಶ್ವಶಕ್ತಿ. ಪಿಸ್ಟನ್ ಮತ್ತು ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳನ್ನು ಮುಟ್ಟದೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಣ್ಣ ಟರ್ಬೊ ಒಂದನ್ನು (ಬಳಸಿದ್ದು) ಕೂರಿಸಿ, ಎಂಜಿನ್ನಿನ ವೇಗಕ್ಕೆ ಮಿತಿ ಹಾಕುವ ಲಿಮಿಟರನ್ನು 8000ಕ್ಕೆ ಏರಿಸುವ ಯೋಚನೆಯಿದೆ. ಹೆಚ್ಚು ಗಟ್ಟಿಯಾದ ಫೋರ್ಜ್ಡ್ ರಾಡ್‌ಗಳಿಗೆ ನನ್ನಲ್ಲಿ ಹಣವಿಲ್ಲ. ಓಟವೇ ಕೆಲವು ಸೆಕೆಂಡುಗಳದ್ದಾಗಿರುವಾಗ ಎಂಜಿನ್ ಅಷ್ಟು ಹೊತ್ತು ತಾಳಲಾರದೇ? ಮೊದಲು ಕೈಕೊಡುವ ಭಾಗ ಯಾವುದು?

ಉತ್ತರ – ಭೋಸರಿ

ನೀವು ಒಂದೇ ಸಲಕ್ಕೆ ಎರಡು ಬೇರೆ ಬೇರೆ ಭಾರಗಳನ್ನು ಹೇರುತ್ತಿದ್ದೀರಿ. ಅವುಗಳಲ್ಲಿ ಹೆಚ್ಚು ಅಪಾಯದ್ದು ಟರ್ಬೊ ಅಲ್ಲ, 8000 ಎಂಬ ಆ ಸಂಖ್ಯೆ. ಟರ್ಬೊ ಹೆಚ್ಚಿಸುವ ಒತ್ತಡವು ರಾಡನ್ನು ಕೆಳಕ್ಕೆ ಅದುಮುತ್ತದೆ, ಅದನ್ನು ರಾಡ್ ಒಂದು ಮಿತಿಯವರೆಗೆ ಚೆನ್ನಾಗಿಯೇ ತಡೆಯುತ್ತದೆ. ಆದರೆ ಸುಟ್ಟ ಅನಿಲವನ್ನು ಹೊರದೂಡುವ ಎಕ್ಸಾಸ್ಟ್ ಸ್ಟ್ರೋಕ್‌ನ ಕೊನೆಯಲ್ಲಿ, ಪಿಸ್ಟನ್ ಮೇಲೇರಿ ನಿಂತು ಹಿಂದಿರುಗುವ ಗಳಿಗೆಯಲ್ಲಿ, ಮೇಲಿನಿಂದ ಅದನ್ನು ತಡೆದು ಹಿಡಿಯುವ ಅನಿಲದ ಒತ್ತಡವೇ ಇರುವುದಿಲ್ಲ. ಪಿಸ್ಟನ್ನಿನ ಇಡೀ ಜಗ್ಗಾಟ ರಾಡಿನ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಈ ಜಗ್ಗಾಟ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 6500ರಿಂದ 8000ಕ್ಕೆ ಹೋದರೆ ಭಾರ ಒಂದೂವರೆ ಪಟ್ಟಾಗುತ್ತದೆ. ನಿಮ್ಮ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲ ಸಾಗುವ ದೂರ, 75.5 ಮಿಲಿಮೀಟರ್, 8000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್ ದಾಟುತ್ತದೆ. ಸೆಕೆಂಡುಗಳ ಲೆಕ್ಕ ಹಾಕಬೇಡಿ. ಒಂದೇ ಸೆಕೆಂಡಿನಲ್ಲಿ ಪ್ರತಿಯೊಂದು ಬೋಲ್ಟೂ ಈ ಎಳೆತವನ್ನು ಅರವತ್ತಕ್ಕಿಂತ ಹೆಚ್ಚು ಸಲ ಅನುಭವಿಸುತ್ತದೆ, ಮತ್ತು ಒಂದು ಬೋಲ್ಟ್ ಹರಿದರೆ ಸಾಕು, ರಾಡ್ ಬ್ಲಾಕನ್ನೇ ಒಡೆದುಕೊಂಡು ಹೊರಬರುತ್ತದೆ. ಲಿಮಿಟರನ್ನು 7000ದ ಒಳಗೇ ಇಡಿ, ಹೊಸ ರಾಡ್ ಬೋಲ್ಟ್‌ಗಳಿಗೆ ಖರ್ಚು ಮಾಡಿ.

ಉತ್ತರ – ಡೊಂಬಿವಲಿ

ಮೇಲಿನ ಮಾತು ಸರಿ, ಆದರೆ ಟರ್ಬೊವನ್ನು ಅಷ್ಟು ಹಗುರವಾಗಿ ಬಿಡಲಾಗದು. ಪುಣೆಯ ಎತ್ತರದಲ್ಲಿ ವಾಯುಭಾರ ಸುಮಾರು 0.95 ಬಾರ್, ಅದರ ಮೇಲೆ 0.4 ಬಾರ್ ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚುವರಿ ಒತ್ತಡ) ಕೊಟ್ಟರೆ ಗಾಳಿ ಸರಿಸುಮಾರು ಶೇಕಡಾ 40ರಷ್ಟು ಹೆಚ್ಚುತ್ತದೆ, ಇಂಧನವೂ ಅಷ್ಟೇ ಹೆಚ್ಚಬೇಕು. ಇಂಧನ ಸಿಂಪಡಿಸುವ ಮೂಲ ಇಂಜೆಕ್ಟರ್‌ಗಳಿಂದ ಅದು ಸಾಧ್ಯವಾಗದಿದ್ದರೆ ನಾಕಿಂಗ್, ಅಂದರೆ ಇಂಧನ ಹದ ತಪ್ಪಿ ಸಿಡಿಯುವುದು, ಶುರುವಾಗುತ್ತದೆ. ಪ್ರತಿ ಓಟದ ನಂತರ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ: ಬಿಳಿ ಪಿಂಗಾಣಿಯ ಮೇಲೆ ಸಣ್ಣ ಕರಿ ಚುಕ್ಕೆಗಳೂ, ಅವುಗಳ ನಡುವೆ ಬೆಳ್ಳಿಯ ಬಣ್ಣದ ಮಿನುಗುವ ಕಣಗಳೂ ಕಂಡರೆ, ಆ ಕಣಗಳು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಮ್. ಅಂದಿನ ಓಟವನ್ನು ಅಲ್ಲಿಗೇ ನಿಲ್ಲಿಸಬೇಕು. ಪುಣೆಯಲ್ಲಿ 100 ಆಕ್ಟೇನ್ ಪೆಟ್ರೋಲ್ 2020ರಿಂದಲೇ ಮಾರಾಟಕ್ಕಿದೆ, ದುಬಾರಿಯಾದರೂ ಅದನ್ನೇ ಹಾಕಿ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಟರ್ಬೊದ ಬಿಸಿಗೆ ಪಿಸ್ಟನ್ನಿನ ಸುತ್ತಲಿನ ಮೇಲಿನ ರಿಂಗ್ ಹಿಗ್ಗುತ್ತದೆ. ಅದರ ತುದಿಗಳ ನಡುವೆ ಸಾಲುವಷ್ಟು ಸಂದು ಇಲ್ಲದಿದ್ದರೆ ಅವು ಪರಸ್ಪರ ತಾಗಿ, ರಿಂಗ್ ಸಿಲಿಂಡರಿನಲ್ಲಿ ಬಿಗಿದುಕೊಂಡು, ಪಿಸ್ಟನ್ನಿನ ಅಂಚು ಕಿತ್ತುಬರುತ್ತದೆ. ನಿಮ್ಮ 74 ಮಿಲಿಮೀಟರ್ ಬೋರ್‌ಗೆ (ಸಿಲಿಂಡರಿನ ವ್ಯಾಸಕ್ಕೆ) 0.35ರಿಂದ 0.45 ಮಿಲಿಮೀಟರ್ ಸಂದು ಬೇಕಾಗುತ್ತದೆ. ಇದಕ್ಕೆ ಒಂದು ಸಣ್ಣ ಅರ ಮತ್ತು ತಾಳ್ಮೆ ಸಾಕು, ಹಣ ಬೇಡ.

ಪ್ರಶ್ನೆ ಕೇಳಿದವರು – ಚಿಂಚವಾಡ

ಇಬ್ಬರಿಗೂ ಧನ್ಯವಾದಗಳು. ಲಿಮಿಟರ್ 7000, ಬೂಸ್ಟ್ 0.4 ಎಂದು ನಿರ್ಧರಿಸಿದ್ದೇನೆ. ಎಣ್ಣೆಯ ವ್ಯವಸ್ಥೆಯಲ್ಲಿ ಏನಾದರೂ ಬದಲಾಯಿಸಬೇಕೇ?

ಉತ್ತರ – ಭೋಸರಿ

ಖಂಡಿತ ಬದಲಾಯಿಸಬೇಕು. ಕಾರು ಜೋರಾಗಿ ಹೊರಡುವಾಗ ಸಂಪಿನ, ಅಂದರೆ ಎಂಜಿನ್ನಿನ ತಳದ ಎಣ್ಣೆ ತಟ್ಟೆಯ, ಎಣ್ಣೆ ಹಿಂದಕ್ಕೂ, ಗೆರೆ ದಾಟಿ ಬ್ರೇಕ್ ಒತ್ತಿದಾಗ ಮುಂದಕ್ಕೂ ನುಗ್ಗುವುದರಿಂದ, ಪಂಪಿನ ಪಿಕಪ್ (ಎಣ್ಣೆ ಹೀರುವ ಬಾಯಿ) ಕ್ಷಣಕಾಲ ಗಾಳಿಯನ್ನು ಹೀರಿದರೂ ಬೇರಿಂಗ್ ಸುಟ್ಟುಹೋಗಬಹುದು. ಸಂಪನ್ನು ಇಳಿಸಿ, ಪಿಕಪ್‌ನ ಸುತ್ತ ತಗಡಿನ ತಡೆಗಳನ್ನು ವೆಲ್ಡ್ ಮಾಡಿಸಿ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಯಾವುದೇ ಶೆಡ್‌ನಲ್ಲಿ ಈ ಕೆಲಸವಾಗುತ್ತದೆ. ಎಣ್ಣೆಯ ಒತ್ತಡದ ಗೇಜನ್ನು ಸ್ಟಿಯರಿಂಗ್ ಮೇಲೆಯೇ, ಕಣ್ಣೆದುರಿಗೆ ಕೂರಿಸಿ, ಮುಳ್ಳು ಒಮ್ಮೆ ಕುಸಿದರೂ ಕೂಡಲೇ ಕಾಲು ತೆಗೆಯಿರಿ.