ಬೋಧನಾ ನಂಬಿಕೆಯ ಒಂದು ಪುಟ: ಏನು ಬರೆಯೋದು?

ಹೊಸ ಟೀಚರ್: ಕೆಲಸದ ಅರ್ಜಿ ಜೊತೆ 'ಶಿಕ್ಷಣದ ಬಗ್ಗೆ ನನ್ನ ನಂಬಿಕೆ, ಶಿಕ್ಷಕರ ಪಾತ್ರ' ಅಂತ ಒಂದು ಪುಟ ಕೊಡಬೇಕು. 'ಪ್ರತಿ ಮಗುವೂ ವಿಶಿಷ್ಟ, ಶಿಕ್ಷಕರು ಸುಗಮಕಾರರು (ಕಲಿಯೋಕೆ ದಾರಿ ಮಾಡಿಕೊಡೋರು) ಮಾತ್ರ' ಅಂತ ಶುರು ಮಾಡಿದ್ದೇನೆ. ಮುಂದಕ್ಕೆ ಪೆನ್ನು ಓಡ್ತಿಲ್ಲ. ಬರೆದವರು ಹೇಳಿ.

ಸೀಮೆಸುಣ್ಣ: ಆ ಸಾಲು ಹೊಡೆದುಹಾಕಿ, ಅದನ್ನು ಯಾರು ಬೇಡ ಅಂತಾರೆ? ನನ್ನ ಪುಟದಲ್ಲಿರೋದು ಒಂದೇ ನಂಬಿಕೆ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮ್ಮನಿರಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ ಶಿಕ್ಷಕರು ಉತ್ತರಕ್ಕೆ ಕಾಯ್ತಿದ್ದದ್ದು ಸುಮಾರು 1 ಸೆಕೆಂಡ್. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಕಡಿಮೆಯಾಯಿತು. ಕಾಯಬೇಕಾದ್ದು ಎರಡು ಕಡೆ: ಪ್ರಶ್ನೆ ಆದಮೇಲೆ, ಮತ್ತೆ ಮಗು ಉತ್ತರ ಕೊಟ್ಟಮೇಲೆ. ಎರಡನೆಯದನ್ನೇ ಎಲ್ಲರೂ ಮರೆಯೋದು. ಥಟ್ಟನೆ 'ಗುಡ್' ಅಂದರೆ ಉಳಿದವರ ಯೋಚನೆ ಅಲ್ಲಿಗೇ ನಿಂತಿತು. ಇನ್ನೊಂದು ಎಡವಟ್ಟು: ಮೌನ ತಡೆಯಲಾಗದೆ ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಕೇಳೋದು. ಆಗ ಮಕ್ಕಳಿಗೆ ಯಾವುದಕ್ಕೆ ಉತ್ತರಿಸಬೇಕೋ ತಿಳಿಯಲ್ಲ. ಕೈ ಹಿಂದೆ ಕಟ್ಟಿ ಬೆರಳು ಮಡಚಿ ಎಣಿಸಿ.

ಲೆಕ್ಕದ ಮೇಷ್ಟ್ರು: ಏಳೆಂಟ್ಲೆ ಎಷ್ಟು ಅಂತ ಕೇಳಿ ಬೆರಳು ಮಡಚ್ತಾ ನಿಲ್ಲಬೇಕಾ? ಚೆನ್ನಾಗಿದೆ! ಹೊಸ ವಿಷಯಕ್ಕೆ ಸುಗಮಕಾರರು ಸಾಲದು, ಬಿಡಿಸಿ ತೋರಿಸೋರು ಬೇಕು. ನಾನು ಇದನ್ನೇ ಬರೆದದ್ದು. ಭಿನ್ನರಾಶಿ ಸಂಕಲನ ತಗೊಳ್ಳಿ. ಮೊದಲ ಲೆಕ್ಕ ಪೂರ್ತಿ ಬಿಡಿಸಿ, ಅಳಿಸದೆ ಬೋರ್ಡ್ ಮೇಲೇ ಬಿಡಿ. ಎರಡನೆಯದರಲ್ಲಿ ಕೊನೆಯ ಹಂತ ಮಾತ್ರ ಖಾಲಿ, ಮೂರನೆಯದರಲ್ಲಿ ಕೊನೆಯ ಎರಡು. ಐದನೆಯದು ಪೂರ್ತಿ ಮಕ್ಕಳದ್ದು. 1/2 + 1/3 = 2/5 ಅಂತ ಬರೆದ ಮಗುವಿಗೆ 'ನೀನೇ ಕಂಡುಕೋ' ಅಂದರೆ ತಪ್ಪೇ ಬೇರು ಬಿಡುತ್ತೆ. '2/5 ಅರ್ಧಕ್ಕಿಂತ ಚಿಕ್ಕದು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಚಿಕ್ಕದಾಗುತ್ತಾ?' ಅಂತ ಕೇಳಿ.

ಸೀಮೆಸುಣ್ಣ: ಮಗ್ಗಿಗೆ ಕಾಯಿರಿ ಅಂದವರು ಯಾರು? ಕಾಯಬೇಕಾದ್ದು 'ಯಾಕೆ', 'ಹೇಗೆ'ಗೆ. ನಿಮ್ಮ 2/5 ಪ್ರಶ್ನೆಗೂ ಕಾಯಲೇಬೇಕು, ಮೇಷ್ಟ್ರೇ.

ಕೆಂಪು ಶಾಯಿ: ಮೌಲ್ಯಮಾಪನದ ಬಗ್ಗೆ ಒಂದು ಸಾಲೂ ಇಲ್ಲದ ಪುಟ ಯಾಕೆ? ಅಂಕವಿಲ್ಲದ ಟಿಪ್ಪಣಿ, ನನ್ನ ಪಟ್ಟು ಅದೇ. ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ ಅವರ 1988ರ ಅಧ್ಯಯನದಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದೆ ಹೋದರು. ಟಿಪ್ಪಣಿ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಆದರೆ ಖರ್ಚಾಗೋ ಸಮಯ ನೋಡಿ: 40 ಪುಸ್ತಕಕ್ಕೆ 4 ನಿಮಿಷದಂತೆ 160 ನಿಮಿಷ, ಮೂರು ತರಗತಿಗೆ 8 ಗಂಟೆ. ವಾರವಾರ ಆಗದ ಮಾತು. ತರಗತಿಗೆ ವಾರಕ್ಕೆ 10 ಪುಸ್ತಕ ತಗೊಂಡರೆ ನಾಲ್ಕು ವಾರಕ್ಕೆ ಒಂದು ಸುತ್ತು. 'ಚೆನ್ನಾಗಿದೆ' ಟಿಪ್ಪಣಿಯಲ್ಲ. 'ಎರಡನೇ ಪ್ಯಾರಾದಲ್ಲಿ ಕಾರಣ ಇದೆ, ಉದಾಹರಣೆ ಇಲ್ಲ, ಒಂದು ಸೇರಿಸು' ಅನ್ನೋದು ಟಿಪ್ಪಣಿ. ಪುಸ್ತಕ ವಾಪಸ್ ಕೊಟ್ಟ ಪೀರಿಯಡ್‌ನಲ್ಲೇ ತಿದ್ದೋಕೆ 10 ನಿಮಿಷ ಬಿಡಿ, ಇಲ್ಲದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಲೆಕ್ಕದ ಮೇಷ್ಟ್ರು: ಅಂಕ ಹಾಕೋಕೆ ಸೋಮಾರಿತನ, ಅದಕ್ಕೊಂದು ಸಿದ್ಧಾಂತ.

ಕೆಂಪು ಶಾಯಿ: ಅಂಕಕ್ಕೆ ಅರ್ಧ ನಿಮಿಷ, ಟಿಪ್ಪಣಿಗೆ ನಾಲ್ಕು. ಸೋಮಾರಿ ಯಾರು ಅಂತ ನೀವೇ ಲೆಕ್ಕ ಹಾಕಿ. ಅಂಕ ನನ್ನ ರಿಜಿಸ್ಟರ್‌ನಲ್ಲಿ ಇದ್ದೇ ಇರುತ್ತೆ, ಮಗುವಿನ ಪುಸ್ತಕದಲ್ಲಿ ಇರಲ್ಲ ಅಷ್ಟೇ.

ಹಿಂದಿನ ಬೆಂಚು: 'ನೋಡಿ ಕಲಿಯೋರು, ಕೇಳಿ ಕಲಿಯೋರು' ಸಾಲು ಮಾತ್ರ ಹಾಕಬೇಡಿ. ಮಕ್ಕಳನ್ನು ಹಾಗೆ ವಿಂಗಡಿಸಿ ಪಾಠ ಮಾಡೋಕೆ ಸಾಕಷ್ಟು ಪುರಾವೆ ಇಲ್ಲ ಅಂತ ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಹೇಳಿದ್ದಾರೆ. ಅಂದಹಾಗೆ ಕೆಂಪು ಶಾಯಿಯವರೇ, ಅಷ್ಟುದ್ದ ಟಿಪ್ಪಣಿ ಕೆಂಪಲ್ಲೇ ಬರೀತೀರಾ? ಪುಟವೆಲ್ಲ ಗಾಯ ಆದ ಹಾಗೆ ಕಾಣುತ್ತೆ.

ಕೆಂಪು ಶಾಯಿ: ಪೆನ್ಸಿಲ್‌ನಲ್ಲಿ. ತಿದ್ದಿದ ಮೇಲೆ ಮಗುವೇ ಅಳಿಸುತ್ತೆ.

ಲೆಕ್ಕದ ಮೇಷ್ಟ್ರು: ಅಳಿಸಿಬಿಟ್ಟರೆ, ನಾಲ್ಕು ವಾರ ಬಿಟ್ಟು ಅದೇ ತಪ್ಪು ಬಂದಾಗ ಏನನ್ನು ತೋರಿಸ್ತೀರಿ?