8×4 ಹಲಗೆಯಲ್ಲಿ ಸಕಲೇಶಪುರ ಘಾಟ್: ಮಾಡಿ ನೋಡಿದವರು ಹೇಳಿದ್ದು

ಕೇಳಿದ್ದು: ಮಗಳೂ ನಾನೂ ಸೇರಿ ಮನೆಯಲ್ಲಿ ಮಾದರಿ ರೈಲು ಹಾಕಬೇಕು ಅಂತಿದ್ದೇವೆ. ಎಚ್‌ಒ ಅಳತೆ, ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಇರುವುದು 8×4 ಅಡಿಯ ಒಂದು ಪ್ಲೈವುಡ್ ಹಲಗೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟ್ ಥರ ಏರು, ಸುರಂಗ, ಸೇತುವೆ ಬೇಕು. ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಬೇಕು ಅನ್ನೋದು ಮಗಳ ಆಸೆ. ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಸರ್, ನಾನೂ ಅದೇ ಘಾಟನ್ನು ಮನಸ್ಸಲ್ಲಿಟ್ಟುಕೊಂಡು ಶುರು ಮಾಡಿದ್ದೆ. ಮೊದಲು ಏರಿನ ಲೆಕ್ಕ ಹಾಕಿ. ನಿಜವಾದ ಘಾಟಿನಲ್ಲಿ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಮನೆಯಲ್ಲೂ ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಎಂಜಿನ್ನಿನ ಚಕ್ರ ನಿಂತಲ್ಲೇ ಸುಮ್ನೆ ತಿರುಗಬಹುದು. ಕೆಳಗಿನ ರೈಲಿಗೆ ತಗಲದಂತೆ ಮೇಲಿನ ಹಳಿ ಹಾಯಬೇಕಾದರೆ ಸುಮಾರು 8 ಸೆಂ.ಮೀ. ಎತ್ತರ ಬೇಕು. ಅಷ್ಟು ಹತ್ತಲು 4 ಮೀಟರ್, ಇಳಿಯಲು 4 ಮೀಟರ್. ನಿಮ್ಮ ಹಲಗೆಯಲ್ಲಿ 18 ಇಂಚು ತ್ರಿಜ್ಯದ ತಿರುವು ಹಾಕಿದರೆ ಒಂದು ಸುತ್ತು 6 ಮೀಟರೂ ಆಗುವುದಿಲ್ಲ. ಎರಡು ಸುತ್ತು ಹಾಕೋಣ ಅಂದರೆ ಒಳಗಿನ ತಿರುವು ಇನ್ನೂ ಬಿಗಿಯಾಗುತ್ತದೆ.

ಆ ಘಾಟಿನಲ್ಲಿ ಒಮ್ಮೆ ಕಿಟಕಿ ಪಕ್ಕ ಕೂತು ಹೋದಾಗ ನನಗೆ ದಾರಿ ಹೊಳೆಯಿತು. ಏರು ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಸೇತುವೆ ಕೆಳಗಿನ ಆಳ. ಹಾಗಾಗಿ ರೈಲನ್ನು ಮೇಲೆ ಹತ್ತಿಸಬೇಡಿ, ನೆಲವನ್ನು ಕೆಳಗಿಳಿಸಿ. ಹಳಿ ಪೂರ್ತಿ ಮಟ್ಟವಾಗಿಯೇ ಇರಲಿ. ಸೇತುವೆ ಬರುವ ಕಡೆ ಪ್ಲೈವುಡ್ ಕೊಯ್ದು ತೆಗೆಯಿರಿ. ಒಂದಡಿ ಕೆಳಗೆ ಇನ್ನೊಂದು ಹಲಗೆ ಹೊಡೆದು ಅಲ್ಲಿ ಹಳ್ಳ ಮಾಡಿ. ಮಗಳಿಗೆ ಆ ಹಳ್ಳದಲ್ಲಿ ಒಂದು ಹೊಳೆ, ಪಕ್ಕದಲ್ಲಿ ಮಣ್ಣುದಾರಿ, ದಾರಿ ಮೇಲೊಂದು ಜೀಪು. ರೈಲು ಅದರ ತಲೆಮೇಲೆ ಹೋಗುತ್ತದೆ ಅಲ್ವಾ?

ಉತ್ತರ 2: ತಿರುವಿನ ಬಗ್ಗೆ ನನ್ನದೊಂದು ಮಾತು. ಈಗಿನ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಬರುವ ಎಲ್‌ಎಚ್‌ಬಿ ಬೋಗಿ ನಿಜದಲ್ಲಿ ಸುಮಾರು 23.5 ಮೀಟರ್ ಉದ್ದ, ಈ ಅಳತೆಯಲ್ಲಿ 27 ಸೆಂ.ಮೀ. ತಿರುವಿನಲ್ಲಿ ಅದರ ನಡು ಒಳಗಡೆಗೆ ಬರುತ್ತದೆ, ಮೂಲೆಗಳು ಹೊರಗಡೆಗೆ ಚಾಚುತ್ತವೆ. ನಾನು ಸುರಂಗದ ಬಾಯಿಯನ್ನು ನೇರ ಹಳಿಯ ಅಳತೆಗೆ ಅಂಟಿಸಿದ್ದೆ. ಪ್ರತಿ ಸುತ್ತಿಗೂ ಬೋಗಿಯ ಮೂಲೆ ಕರ್ ಅಂತ ಉಜ್ಜಿ ಬಣ್ಣ ಹೋಯಿತು. ನೀವು ರಟ್ಟಿನ ಮೇಲೆ ಹಳಿ ಸುಮ್ನೆ ಜೋಡಿಸಿ. ಬೋಗಿಯ ನಡುವಿನ ಒಳಬದಿಗೊಂದು, ಹೊರಬದಿಯ ಮೂಲೆಗೊಂದು ಪೆನ್ಸಿಲ್ ಟೇಪ್ ಹಾಕಿ ಕಟ್ಟಿ, ಕೈಯಲ್ಲೇ ನಿಧಾನವಾಗಿ ತಳ್ಳಿ. ಬೀಳುವ ಎರಡು ಗೆರೆಗಳ ಆಚೆಗೆ ಇರಲಿ ಗೋಡೆ, ಕಂಬ, ಪ್ಲಾಟ್‌ಫಾರ್ಮ್ ಎಲ್ಲ. ಗೂಡ್ಸ್ ವ್ಯಾಗನ್ನುಗಳು ಗಿಡ್ಡ, ಬಿಗಿ ತಿರುವಿನಲ್ಲೂ ಚೆಂದ ಕಾಣುತ್ತವೆ. ಆ ಘಾಟಿನಲ್ಲಿ ಗೂಡ್ಸ್ ಗಾಡಿಯೂ ಓಡುತ್ತದಲ್ಲ, ಮೊದಲು ಅದನ್ನೇ ಕೊಳ್ಳಿ.

ಉತ್ತರ 3: ಹಲಗೆಯ ಉದ್ದದ ಬದಿಯನ್ನು ಗೋಡೆಗೆ ತಾಗಿಸಿ ಇಡಬೇಡಿ ಅಣ್ಣ. ಕೈ ಎಟುಕುವುದು ಎರಡೂವರೆ ಅಡಿ, ಹಲಗೆಯ ಅಗಲ ನಾಲ್ಕಡಿ. ಮಗಳ ಕೈ ಇನ್ನೂ ಚಿಕ್ಕದು. ಎರಡೂ ಕಡೆಯಿಂದ ಹೋಗುವಂತಿರಲಿ, ಇಲ್ಲವೇ ಹಲಗೆಯ ಕಾಲಿಗೆ ಚಕ್ರ ಹಾಕಿಸಿ.

ಗುಡ್ಡಕ್ಕೆ ಥರ್ಮಾಕೋಲ್, ಮೇಲೆ ಹಳೇ ಪೇಪರ್ ಸಾಕು. ಆದರೆ ಮೈದಾ ಅಂಟು ಬೇಡ. ನಮ್ಮದಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಇಡೀ ಗುಡ್ಡ ಕಿತ್ತು ಹಾಕಿದೆವು. ಫೆವಿಕಾಲ್‌ಗೆ ನೀರು ಬೆರೆಸಿ ಹಚ್ಚಿ.

ಆ ಘಾಟಿನಲ್ಲಿ 57 ಸುರಂಗಗಳಿವೆ. ನಿಮಗೆ ಎರಡು ಸಾಕು. ರೈಲು ಹಳಿ ತಪ್ಪುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆಯೇ. ಅದಕ್ಕೆ ಗುಡ್ಡದ ಹಿಂಬದಿಯಲ್ಲಿ ಕೈ ಹೋಗುವಷ್ಟು ಕಂಡಿ ಬಿಡಿ. ನಾನು ಅಲ್ಲಿ ಕಪ್ಪು ಬಟ್ಟೆ ಇಳಿಬಿಟ್ಟಿದ್ದೇನೆ. ಮುಂದಿನಿಂದ ನೋಡಿದರೆ ಒಳಗೆ ಬರೀ ಕತ್ತಲೆ ಕಾಣುತ್ತದೆ.